ಮೈಸೂರಿನ ವ್ಯಾಪಾರಸ್ಥರಿಗೆ ಬಹಿರಂಗ ಪತ್ರ: ನಿಮ್ಮ ವೆಬ್‌ಸೈಟ್ ನಮಗೂ ತೆರೆಯಬೇಕು

ಮೈಸೂರಿನಲ್ಲಿ ಅಂಗಡಿ, ಹೋಟೆಲ್, ಲಾಡ್ಜ್, ಆಸ್ಪತ್ರೆ, ಲ್ಯಾಬ್, ಕೋಚಿಂಗ್ ಸೆಂಟರ್ ನಡೆಸುವ ಎಲ್ಲರಿಗೂ ನಮಸ್ಕಾರ. ನಿಮಗೆ ವೆಬ್‌ಸೈಟ್ ಮಾಡಿಕೊಡುವವರೂ ದಯವಿಟ್ಟು ಓದಿ. ಕೊನೆಯಲ್ಲಿ ಜಿಲ್ಲಾಧಿಕಾರಿಗಳಿಗೂ ಒಂದು ಕೇಳಿಕೆ ಇದೆ.

ನೇರವಾಗಿ ಹೇಳಿಬಿಡುತ್ತೇನೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನ ಇಲ್ಲದವರು ನಿಮ್ಮ ವೆಬ್‌ಸೈಟ್ ಬಳಸಲು ಆಗಬೇಕು. ಅದು ಕಾನೂನು ನಿಮ್ಮ ಮೇಲೆ ಹೊರಿಸಿರುವ ಕೆಲಸ. ದಾನ ಧರ್ಮದ ಮಾತಲ್ಲ, ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಸೇರಿದ ಮಾತೂ ಅಲ್ಲ. ಆದರೂ ಇಲ್ಲಿ ಯಾವ ಮಾಲೀಕರನ್ನು ಕೇಳಿದರೂ "ಹೌದಾ? ಅಂಥದ್ದೊಂದು ಕಾನೂನು ಇದೆಯಾ?" ಅನ್ನುತ್ತಾರೆ. ನಿಮಗೆ ಯಾರೂ ಹೇಳಿರಲಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಅದಕ್ಕೇ ಈ ಪತ್ರ.

ನನ್ನ ಬಗ್ಗೆ ಸ್ವಲ್ಪ. ನನಗೆ ಕಣ್ಣು ಕಾಣುವುದಿಲ್ಲ. ಹುಟ್ಟಿದ್ದು ಮಂಡ್ಯದಲ್ಲಿ, ಇರುವುದು ಸರಸ್ವತಿಪುರಂನಲ್ಲಿ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸಂಬಳ ಬರುತ್ತದೆ, ಆ ಸಂಬಳ ಖರ್ಚಾಗುವುದು ಇದೇ ಊರಿನಲ್ಲಿ. ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಇವನ್ನು ಸ್ಕ್ರೀನ್ ರೀಡರ್ ಅನ್ನುತ್ತಾರೆ. ಪರದೆಯ ಮೇಲೆ ಏನಿದೆ ಅನ್ನುವುದನ್ನು ಓದಿ ಹೇಳುತ್ತವೆ. ನಾನು ಮೌಸ್ ಮುಟ್ಟುವುದಿಲ್ಲ, ಕೀಬೋರ್ಡಿನಲ್ಲೇ ಎಲ್ಲ. ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಒಬ್ಬ ಅಂಧ ಯುವಕ ಶುರು ಮಾಡಿದ್ದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಅದು ಕನ್ನಡವನ್ನೂ ಓದುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಡೆಯಿಂದ ಆಗಬೇಕಾದ ಏರ್ಪಾಡು ಆಗಿದೆ. ಉಳಿದಿರುವುದು ನಿಮ್ಮ ಕಡೆಯ ಕೆಲಸ.

ನಿಮ್ಮ ಸೈಟ್ ನನಗೆ ಹೇಗೆ ಕೇಳಿಸುತ್ತದೆ ಗೊತ್ತಾ? ಈ ಊರಿನ ಒಂದು ಸೀರೆ ಅಂಗಡಿಯ ಸೈಟ್ ತೆಗೆದುಕೊಳ್ಳಿ, ಹೆಸರು ಬೇಡ. ಒಳಗೆ ಹೋದರೆ "ಇಮೇಜ್, ಇಮೇಜ್, ಲಿಂಕ್, ಇಮೇಜ್" ಅಂತ ಸಾಲಾಗಿ ಓದುತ್ತದೆ. ನಡುವೆ ಫೋಟೋ ಫೈಲಿನ ಉದ್ದುದ್ದ ನಂಬರು. ಬೆಲೆ ಮಾತ್ರ ಸರಿಯಾಗಿ ಕೇಳಿಸುತ್ತದೆ. ಯಾವ ಬಣ್ಣ, ಜರಿ ಅಂಚು ಎಷ್ಟು ಅಗಲ, ಸೆರಗಿನಲ್ಲಿ ಏನಿದೆ, ಕ್ರೇಪಾ ಜಾರ್ಜೆಟ್ಟಾ, ಒಂದೂ ಇಲ್ಲ. ಎಲ್ಲವೂ ಫೋಟೋದಲ್ಲೇ ಇದೆ, ಕಾಣುವವರಿಗೆ. ಅಂಗಡಿಗೇ ಹೋದರೆ ಅಲ್ಲಿನ ಹುಡುಗಿ ಎಷ್ಟು ಚೆನ್ನಾಗಿ ವಿವರಿಸುತ್ತಾಳೆ! "ಮೇಡಂ, ಇದು ಗಿಳಿ ಹಸಿರು, ಅಂಚು ನಾಲ್ಕು ಬೆರಳಷ್ಟು" ಅನ್ನುತ್ತಾಳೆ. ಆ ಒಂದು ಸಾಲನ್ನು ಫೋಟೋದ ಹಿಂದೆ ಬರೆದಿಡಲು ವೆಬ್‌ಸೈಟಿನಲ್ಲಿ ಒಂದು ಜಾಗ ಇದೆ, ಆಲ್ಟ್ ಟೆಕ್ಸ್ಟ್ ಅಂತ. ಅದನ್ನು ಖಾಲಿ ಬಿಟ್ಟಿದ್ದೀರಿ. ಹೇಗೋ ಒಂದು ಸೀರೆ ಆರಿಸಿ ಮುಂದೆ ಹೋದರೆ "ಬಟನ್" ಅನ್ನುತ್ತದೆ. ಮುಂದೆ ಮತ್ತೊಂದು "ಬಟನ್". ಯಾವುದು ಬುಟ್ಟಿಗೆ ಹಾಕುವುದು, ಯಾವುದು ತೆಗೆಯುವುದು? ಬಟನ್ನಿಗೆ ಬಂಡಿಯ ಚಿತ್ರ ಅಂಟಿಸಿದ್ದಾರೆ, ಹೆಸರು ಕೊಟ್ಟಿಲ್ಲ.

ಸೀರೆ ಬಿಡಿ, ಇವತ್ತಲ್ಲ ನಾಳೆ ತಂದರಾಯಿತು. ರಕ್ತ ಪರೀಕ್ಷೆಯ ಲ್ಯಾಬಿನ ವಿಷಯ ಹಾಗಲ್ಲ. ಒಂದು ಲ್ಯಾಬಿನ ಸೈಟಿನಲ್ಲಿ ದಿನಾಂಕ ಆರಿಸುವ ಕ್ಯಾಲೆಂಡರ್ ಮೌಸಿನಿಂದ ಒತ್ತಿದರೆ ಮಾತ್ರ ತೆರೆಯುತ್ತದೆ. ಕೀಬೋರ್ಡಿನಲ್ಲಿ ಅಲ್ಲಿಗೆ ಹೋಗಲು ಆಗುವುದೇ ಇಲ್ಲ. ಫೋನ್ ಮಾಡಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, "ಮನೇಲಿ ಯಾರಾದರೂ ಇದ್ದರೆ ಅವರ ಕೈಲಿ ಮಾಡಿಸಿಬಿಡಿ ಮೇಡಂ" ಅಂದರು. ಈ ಮಾತನ್ನು ನಮ್ಮಂಥ ಎಲ್ಲರೂ ಎಲ್ಲ ಕಡೆ ಕೇಳಿದ್ದೇವೆ. ಮನೆಯಲ್ಲಿ ಯಾರಾದರೂ. ನನಗೆ ಯಾವ ಪರೀಕ್ಷೆ ಬರೆದುಕೊಟ್ಟಿದ್ದಾರೆ, ರಿಪೋರ್ಟಿನಲ್ಲಿ ಏನು ಬಂದಿದೆ, ಇದೆಲ್ಲ ನನ್ನ ತಂಗಿಗೋ ಪಕ್ಕದ ಮನೆಯ ಹುಡುಗನಿಗೋ ಮೊದಲು ಗೊತ್ತಾಗಬೇಕಾ? ಕಾಣುವವರಿಗೆ ತಮ್ಮ ಕಾಯಿಲೆಯನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವ ಆಯ್ಕೆ ಇದೆ. ನಮ್ಮ ಆಯ್ಕೆಯನ್ನು ಒಂದು ಕೆಟ್ಟ ಕ್ಯಾಲೆಂಡರ್ ಕಿತ್ತುಕೊಳ್ಳುತ್ತದೆ.

ಇನ್ನು ಹಣ ಕಟ್ಟುವುದು. ಓಟಿಪಿ ಯಾರಿಗೂ ಕೊಡಬೇಡಿ, ಕಾರ್ಡ್ ನಂಬರ್ ಯಾರಿಗೂ ಹೇಳಬೇಡಿ ಅಂತ ಬ್ಯಾಂಕು, ಪೊಲೀಸರು ಎಲ್ಲರೂ ಸಾರುತ್ತಿದ್ದಾರೆ. ಆದರೆ ನಿಮ್ಮ ಪೇಮೆಂಟ್ ಪುಟದಲ್ಲಿ ಖಾನೆಗಳಿಗೆ ಹೆಸರಿಲ್ಲದೆ ಹೋದರೆ, ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪ್ ಮಾಡಿ ಅಂತ ಕ್ಯಾಪ್ಚಾ ಇಟ್ಟು ಅದನ್ನು ಕೇಳಿಸಿಕೊಳ್ಳುವ ದಾರಿ ಕೊಡದೆ ಹೋದರೆ, ನಾನು ಖಾನೆ ಹುಡುಕುವಷ್ಟರಲ್ಲಿ ಸಮಯ ಮುಗಿಯಿತು ಅಂತ ಪುಟ ಮುಚ್ಚಿಕೊಂಡರೆ, ನಾನು ಮಾಡುವುದೇನು? ಪಕ್ಕದವರ ಕೈಗೆ ಕಾರ್ಡು, ಫೋನು ಎರಡನ್ನೂ ಕೊಡಬೇಕು. ನಮ್ಮ ಜನ ಹೀಗೆ ಕೊಟ್ಟು ಮೋಸ ಹೋದರೆ ಅದರಲ್ಲಿ ಆ ಪುಟ ಮಾಡಿಸಿದವರ ಪಾಲೂ ಇದೆ. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಹಾಗೇ ಅನ್ನಿಸುತ್ತದೆ.

ಈಗ ಕಾನೂನು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21 ಇದೆ. ಆದರೆ ನಿಮಗೆ ಸಂಬಂಧಪಟ್ಟ ದೊಡ್ಡ ಬದಲಾವಣೆ ಬೇರೆ: ಹೊಸ ಕಾಯ್ದೆ ಖಾಸಗಿಯವರನ್ನೂ ಹೆಸರು ಹಿಡಿದು ಒಳಗೆ ತಂದಿದೆ. ಖಾಸಗಿ ಸಂಸ್ಥೆ ಅಂದರೆ ಯಾವುದು ಅಂತ ಅದರಲ್ಲೇ ಬರೆದಿದ್ದಾರೆ. ಕಂಪನಿ, ಫರ್ಮು, ಸಹಕಾರ ಸಂಘ, ಟ್ರಸ್ಟು, ಏಜೆನ್ಸಿ, ಫ್ಯಾಕ್ಟರಿ, ಎಲ್ಲ ಇದೆ. ಅಣ್ಣ ತಮ್ಮ ಪಾಲುದಾರರಾಗಿ ನಡೆಸುವ ಅಂಗಡಿಯೂ ಫರ್ಮೇ ಅಲ್ವಾ? ಟ್ರಸ್ಟ್ ನಡೆಸುವ ಆಸ್ಪತ್ರೆ, ಕಾಲೇಜು ಕೂಡ ಬಂತು.

ಅದರ ಸೆಕ್ಷನ್ 40, ಕಟ್ಟಡ, ಸಾರಿಗೆ, ಮಾಹಿತಿ ತಂತ್ರಜ್ಞಾನ ಇವೆಲ್ಲ ಎಲ್ಲರಿಗೂ ಸಿಗುವ ಹಾಗೆ ಕೇಂದ್ರ ಸರ್ಕಾರ ನಿಯಮ ಮಾಡಬೇಕು ಅನ್ನುತ್ತದೆ. ಸೆಕ್ಷನ್ 42 ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಇರುವುದು ನಮಗೆ ಓದಲು, ಕೇಳಲು ಬರುವ ರೂಪದಲ್ಲಿ ಇರಬೇಕು ಅನ್ನುತ್ತದೆ. ನಿಮಗೆ ನೇರವಾಗಿ ತಾಗುವುದು ಸೆಕ್ಷನ್ 46. ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ, ನಿಯಮ ಬಂದ ಎರಡು ವರ್ಷದೊಳಗೆ ಅದರಂತೆ ಸೇವೆ ಕೊಡಬೇಕು. ನಿಯಮಗಳು 2017ರ ಜೂನ್‌ನಲ್ಲಿ ಬಂದವು. 2023ರ ಮೇ ತಿಂಗಳಲ್ಲಿ ಐಎಸ್ 17802 ಅನ್ನುವ ಭಾರತೀಯ ಮಾನದಂಡವನ್ನು ಅದಕ್ಕೆ ಸೇರಿಸಿದರು, ವೆಬ್‌ಸೈಟು ಆ್ಯಪು ಎಲ್ಲಕ್ಕೂ ಸೇರಿದ್ದು. ಎರಡನೆಯದರಿಂದ ಎಣಿಸಿದರೂ ಎರಡು ವರ್ಷ 2025ರ ಮೇ ತಿಂಗಳಿಗೆ ಮುಗಿಯಿತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ನಿಮ್ಮ ವಕೀಲರು ಹೇಗೂ ಹೇಳುತ್ತಾರೆ, ನಾನೇ ಹೇಳುತ್ತೇನೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳ ಪೈಕಿ 15ನೆಯದನ್ನು, ಅಂದರೆ ಈ ಮಾನದಂಡಗಳೆಲ್ಲ ಇರುವ ನಿಯಮವನ್ನು, ಕಾಯ್ದೆಗೆ ವಿರುದ್ಧ ಎಂದು ಹೇಳಿತು. ಹಾಗಾದರೆ ನಮಗೆ ಬಾಧ್ಯತೆ ಇಲ್ಲ ಅಂತ ಸಂತೋಷಪಡುವ ಮೊದಲು ಕಾರಣ ಓದಿ. ಆ ನಿಯಮ ಜಾಸ್ತಿ ಬಿಗಿಯಾಗಿದೆ ಅಂತ ಕೋರ್ಟು ಹೇಳಲಿಲ್ಲ. ಅದು ಸಡಿಲ ಆಯಿತು, ಬರೀ ಸಲಹೆ ಕೊಟ್ಟ ಹಾಗಿದೆ, ಕಾಯ್ದೆ ಕೇಳುವುದು ಕಡ್ಡಾಯ ನಿಯಮ ಅಂತ ಹೇಳಿತು. ಬಿಡಲು ಬಾರದ ಕನಿಷ್ಠ ಮಟ್ಟ ಯಾವುದು ಅಂತ ಬೇರೆ ಮಾಡಿ ಕಡ್ಡಾಯ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು, ಮಾಡದವರಿಗೆ ದಂಡ ಹಾಕುವುದೂ ಜಾರಿಯಾಗಬೇಕು ಅಂದಿತು. ರಾಜೀವ್ ರತೂರಿ ಅವರೂ ಕಣ್ಣು ಕಾಣದವರೇ. 2005ರಲ್ಲಿ ಅರ್ಜಿ ಹಾಕಿದ್ದವರು. ಕೋರ್ಟು ಹೋಗುತ್ತಿರುವ ದಿಕ್ಕು ಯಾವುದು ಅಂತ ಇದರಿಂದ ಗೊತ್ತಾಗುತ್ತದೆ. ಭೇದಭಾವ ಮಾಡಬಾರದು ಅನ್ನುವ ಸೆಕ್ಷನ್ 3, ಸೇವೆ ಕೊಡುವವರ ಮೇಲಿನ ಸೆಕ್ಷನ್ 46 ಎರಡೂ ಕಾಯ್ದೆಯಲ್ಲೇ ಇವೆ. ನಿಯಮ ಬದಲಾದರೆ ಅವು ಮಾಯವಾಗುವುದಿಲ್ಲ.

ಇನ್ನೊಂದು ತೀರ್ಪು 2025ರ ಏಪ್ರಿಲ್ 30ರದು. ಆ್ಯಸಿಡ್ ದಾಳಿಗೆ ಸಿಕ್ಕಿ ಕಣ್ಣು, ಮುಖ ಸುಟ್ಟುಹೋದವರು ಕೋರ್ಟಿಗೆ ಹೋಗಿದ್ದರು. ಬ್ಯಾಂಕು, ಸಿಮ್ ಕಾರ್ಡಿನ ಆನ್‌ಲೈನ್ ಕೆವೈಸಿಯಲ್ಲಿ "ಕಣ್ಣು ಮಿಟುಕಿಸಿ" ಅಂತ ಕೇಳುತ್ತದಲ್ಲ, ಅವರು ಎಲ್ಲಿಂದ ಮಿಟುಕಿಸುವುದು? ಕಣ್ಣು ಕಾಣದ ವಕೀಲರೊಬ್ಬರೂ ಬೇರೆ ಅರ್ಜಿ ಹಾಕಿದ್ದರು. ಪ್ರಜ್ಞಾ ಪ್ರಸೂನ್ ಪ್ರಕರಣ ಅಂತ ಕರೆಯುತ್ತಾರೆ. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು ಹೇಳಿ 20 ನಿರ್ದೇಶನ ಕೊಟ್ಟಿತು. ಆಮೇಲೆ ಜುಲೈ ಕೊನೆಯಲ್ಲಿ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ ಕೂಡ ತನ್ನ ಕೆಳಗೆ ಬರುವ ಬ್ರೋಕರ್, ಮ್ಯೂಚುವಲ್ ಫಂಡ್ ಎಲ್ಲರಿಗೂ ಇದನ್ನು ಕಡ್ಡಾಯ ಮಾಡಿ ಸುತ್ತೋಲೆ ಹೊರಡಿಸಿತು. ವೈದ್ಯರ ಅಪಾಯಿಂಟ್‌ಮೆಂಟ್ ಕೊಡಿಸುವ ಆ್ಯಪ್ ಒಂದರ ಮೇಲೆ ಅಂಧ ವಕೀಲರೊಬ್ಬರು ದೂರು ಕೊಟ್ಟಾಗ, ಖಾಸಗಿ ಕಂಪನಿಯೂ ಈ ಕಾಯ್ದೆಯೊಳಗೇ ಬರುತ್ತದೆ ಅಂತ ದೆಹಲಿಯಲ್ಲಿ ಕೂತು ಅಂಗವಿಕಲರ ದೂರು ಕೇಳುವ ಕೇಂದ್ರದ ಮುಖ್ಯ ಆಯುಕ್ತರು ಹೇಳಿದ್ದಾರೆ.

ದಂಡ ಎಷ್ಟು ಅಂತ ಕೇಳುವವರಿಗೆ: ಸೆಕ್ಷನ್ 89ರಂತೆ ಮೊದಲ ಸಲ 10,000 ರೂಪಾಯಿವರೆಗೆ. ಮತ್ತೆ ತಪ್ಪು ಮಾಡಿದರೆ ಕಡಿಮೆ ಅಂದರೂ 50,000, ಜಾಸ್ತಿ ಅಂದರೆ 5 ಲಕ್ಷ. ಕಂಪನಿ ಆಗಿದ್ದರೆ ಅದರ ವ್ಯವಹಾರ ನೋಡಿಕೊಳ್ಳುವವರೂ ಹೊಣೆ ಅಂತ ಸೆಕ್ಷನ್ 90 ಹೇಳುತ್ತದೆ. "ನಮಗೇನು ಗೊತ್ತು, ಸೈಟ್ ಮಾಡಿದ ಹುಡುಗ ಹಾಗೆ ಮಾಡಿಕೊಟ್ಟ" ಅಂತ ಬರೀ ಬಾಯಿಮಾತಿನಲ್ಲಿ ಜಾರಿಕೊಳ್ಳಲು ಬರುವುದಿಲ್ಲ, ಸಾಬೀತು ಮಾಡಬೇಕು. ದೂರು ಕೊಡಲು ನಮಗೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ. ವಿಚಾರಣೆಗೆ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಆದರೆ ನನಗೆ ಅಲ್ಲಿಗೆ ಅಲೆಯುವ ಆಸೆ ಇಲ್ಲ. ನಿಮ್ಮ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಆಸೆ ಇದೆ.

"ನಿಮ್ಮಂಥವರು ಎಷ್ಟು ಜನ ಇದ್ದಾರೆ, ಅವರಿಗೋಸ್ಕರ ಇಷ್ಟೆಲ್ಲ ಮಾಡಬೇಕಾ?" ಈ ಪ್ರಶ್ನೆ ಬಂದೇ ಬರುತ್ತದೆ. 2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲೇ 13 ಲಕ್ಷಕ್ಕೂ ಜಾಸ್ತಿ. ಅದೂ ಹಳೆಯ ಪಟ್ಟಿ ಹಿಡಿದು ಎಣಿಸಿದ್ದು, 21 ಬಗೆ ಬರುವ ಮೊದಲು. ಪೊರೆ ಬಂದು ಕಣ್ಣು ಮಂಜಾದ ನಿಮ್ಮ ಅಪ್ಪ, ಕೈ ನಡುಗುವ ನಿಮ್ಮ ಅತ್ತೆ ಇದರಲ್ಲಿ ಇಲ್ಲ. ಅವರೂ ಸಣ್ಣ ಅಕ್ಷರ ಓದಲಾರದೆ, ಪುಟಾಣಿ ಬಟನ್ ಒತ್ತಲಾರದೆ ಫೋನನ್ನು ಮೊಮ್ಮಕ್ಕಳ ಕೈಗೆ ಕೊಡುತ್ತಾರೆ. ಆದರೆ ಎಣಿಕೆಯ ವಾದಕ್ಕೆ ನಾನು ಜಾಸ್ತಿ ಅಂಟಿಕೊಳ್ಳುವುದಿಲ್ಲ. ಊರಿಗೆ ಒಬ್ಬರೇ ಇದ್ದರೂ ಅವರಿಗೆ ಈ ಹಕ್ಕು ಇದೆ.

ಕನ್ನಡದ ಸೈಟುಗಳಿಗೆ ಬೇರೆಯದೇ ಒಂದು ತೊಂದರೆ ಇದೆ. ಇದನ್ನು ಇಂಗ್ಲಿಷಿನ ಎಷ್ಟೋ ಮಾರ್ಗಸೂಚಿಗಳು ನಿಮಗೆ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ. ನಮ್ಮಲ್ಲಿ ಸಹಕಾರ ಸಂಘದ ಸಾಲದ ಅರ್ಜಿ, ಕಾಲೇಜಿನ ಪ್ರವೇಶದ ನೋಟಿಸು, ಕಲ್ಯಾಣ ಮಂಟಪದ ಷರತ್ತು, ಚಿಟ್ ಫಂಡಿನ ನಿಯಮ, ಎಲ್ಲವನ್ನೂ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಪಿಡಿಎಫ್ ಮಾಡಿ ಸೈಟಿಗೆ ಹಾಕುತ್ತಾರೆ. ನುಡಿ, ಶ್ರೀಲಿಪಿ ಥರದ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಫಾಂಟು ಬಳಸಿದ್ದರೆ ಕಣ್ಣಿಗೆ ಕಾಣುವುದು ಕನ್ನಡ. ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ನನ್ನ ಸ್ಕ್ರೀನ್ ರೀಡರ್ ಓದುವುದು ಒಳಗೆ ಇರುವುದನ್ನು. ಒಂದು ಇಡೀ ಪುಟ ಅರ್ಥವಿಲ್ಲದ ಶಬ್ದವಾಗಿ ಕಿವಿಗೆ ಬೀಳುತ್ತದೆ. ಅದೇ ಮಾತನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಸ್ವಚ್ಛವಾಗಿ ಕನ್ನಡ ಕೇಳುತ್ತದೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ನುಡಿಯಲ್ಲೂ ಈಗ ಯೂನಿಕೋಡ್ ಇದೆ, ಬದಲಾಯಿಸಿಕೊಳ್ಳಬೇಕು ಅಷ್ಟೆ. ಹಳೆಯ ಫಾಂಟಿನ ಪುಟ ಗೂಗಲ್ ಹುಡುಕಾಟದಲ್ಲೂ ಕನ್ನಡವಾಗಿ ಸಿಗುವುದಿಲ್ಲ, ಅದು ನಿಮಗೂ ನಷ್ಟ.

ಯೂನಿಕೋಡ್ ಇದ್ದರೂ ಇನ್ನೊಂದು ಸಣ್ಣ ಕೆಲಸ ಬಾಕಿ ಇರುತ್ತದೆ. ವೆಬ್‌ಪುಟದ ಕೋಡಿನಲ್ಲಿ ಮೊದಲಿಗೇ ಈ ಪುಟ ಯಾವ ಭಾಷೆಯದು ಅಂತ ಬರೆಯಲು ಒಂದು ಜಾಗ ಇದೆ. ಕನ್ನಡ ಪುಟಕ್ಕೂ ಅಲ್ಲಿ ಇಂಗ್ಲಿಷ್ ಅಂತಲೇ ಬಿಟ್ಟಿರುತ್ತಾರೆ, ಏಕೆಂದರೆ ಕೊಂಡುಕೊಂಡ ಟೆಂಪ್ಲೇಟಿನಲ್ಲಿ ಹಾಗೇ ಬಂದಿರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿ ಹಾಕಿಕೊಂಡು ಓದಲು ಹೋಗುತ್ತದೆ. ಎಷ್ಟೋ ಇಂಗ್ಲಿಷ್ ದನಿಗಳಿಗೆ ಕನ್ನಡ ಬರುವುದೇ ಇಲ್ಲ, ಪೂರ್ತಿ ಬಿಟ್ಟು ಮುಂದೆ ಹೋಗಿಬಿಡುತ್ತವೆ. ಎರಡಕ್ಷರ ಬದಲಾಯಿಸಿದರೆ ಸರಿಹೋಗುತ್ತದೆ. ಇನ್ನು ಹೋಟೆಲಿನ ಮೆನು, ಆಫರಿನ ವಿವರ, ರಜೆಯ ಸೂಚನೆ, ಇವನ್ನೆಲ್ಲ ಪೋಸ್ಟರ್ ಮಾಡಿ ಫೋಟೋ ಆಗಿ ಹಾಕುವ ಅಭ್ಯಾಸ. ಪೋಸ್ಟರ್ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಅದೇ ಮಾತನ್ನು ಅಕ್ಷರದಲ್ಲೂ ಬರೆಯಿರಿ. ವೆಬ್‌ಸೈಟ್ ಇಲ್ಲದೆ ಇನ್‌ಸ್ಟಾಗ್ರಾಮಿನಲ್ಲೇ ವ್ಯಾಪಾರ ಮಾಡುವವರಿಗೂ ಇದೇ ಮಾತು. ಅಲ್ಲೂ ಫೋಟೋಗೆ ಆಲ್ಟ್ ಟೆಕ್ಸ್ಟ್ ಬರೆಯುವ ಸೌಲಭ್ಯ ಇದೆ. ಮಂಡ್ಯದಲ್ಲಿ ಬೆಲ್ಲ ಮಾರುವ ನಮ್ಮ ಕಡೆಯ ಹುಡುಗನೊಬ್ಬ ಒಂದು ಸಲ ಹೇಳಿದ ಮೇಲೆ ಅಚ್ಚು ಬೆಲ್ಲ ಯಾವುದು, ಬಕೆಟ್ ಬೆಲ್ಲ ಯಾವುದು, ತೂಕ ಎಷ್ಟು ಅಂತ ಪ್ರತಿ ಫೋಟೋಗೂ ಬರೆಯುತ್ತಿದ್ದಾನೆ.

ಕಿವಿ ಕೇಳದವರ ಪರವಾಗಿ ನಾನು ಮಾತಾಡುವುದಕ್ಕಿಂತ ಅವರನ್ನೇ ಕೇಳುವುದು ಒಳ್ಳೆಯದು. ಆದರೂ ಒಂದು ಮಾತು. ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ, ದೇಶದ ಎಲ್ಲ ಕಡೆಯಿಂದ ಕಿವಿ ಕೇಳದ ಮಕ್ಕಳನ್ನು ಅಪ್ಪ ಅಮ್ಮ ಅಲ್ಲಿಗೆ ಕರೆತರುತ್ತಾರೆ. ಅಂಥ ಊರಿನ ಆಸ್ಪತ್ರೆ, ಕೋಚಿಂಗ್ ಸೆಂಟರ್, ಜಾಹೀರಾತುಗಳ ವಿಡಿಯೋಗಳಲ್ಲಿ ಕೆಳಗೆ ಕನ್ನಡದಲ್ಲಿ ಎರಡು ಸಾಲು ಕ್ಯಾಪ್ಶನ್ ಇಲ್ಲ. ವಿಚಾರಣೆಗೆ ಬರೀ ಫೋನ್ ನಂಬರ್ ಕೊಟ್ಟಿರುತ್ತಾರೆ. ಫೋನಿನಲ್ಲಿ ಮಾತಾಡಲಾಗದವರು ಏನು ಮಾಡಬೇಕು? ಮೆಸೇಜ್ ಕಳಿಸಲು ಒಂದು ದಾರಿ ಇಡಿ.

ವೆಬ್‌ಸೈಟ್ ಮಾಡುವ ಗೆಳೆಯರೇ, ಈಗ ನಿಮ್ಮ ಹತ್ತಿರ. ಅಮೆರಿಕದ ವೆಬ್‌ಏಮ್ ಅನ್ನುವ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಸೈಟುಗಳ ಮುಖಪುಟ ಪರೀಕ್ಷಿಸುತ್ತದೆ. ನೂರಕ್ಕೆ ಸುಮಾರು 95ರಲ್ಲಿ ತಪ್ಪು ಸಿಗುತ್ತದೆ. ಆ ತಪ್ಪುಗಳಲ್ಲಿ ಬಹುಪಾಲು ಆರೇ ಬಗೆ: ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋಗುವ ಅಕ್ಷರ, ಆಲ್ಟ್ ಟೆಕ್ಸ್ಟ್ ಇಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಲಿಂಕು, ಖಾಲಿ ಬಟನ್ನು, ಭಾಷೆ ಹೇಳದ ಪುಟ. ನಾನು ಮೇಲೆ ಹೇಳಿದವೇ. ಒಂದಕ್ಕೂ ದೊಡ್ಡ ವಿದ್ಯೆ ಬೇಕಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ಅಂತರ ಇರಬೇಕು ಅನ್ನುತ್ತದೆ ವೆಬ್‌ಸೈಟುಗಳಿಗೆಂದೇ ಇರುವ ಅಂತರರಾಷ್ಟ್ರೀಯ ಡಬ್ಲ್ಯೂಸಿಎಜಿ ಮಾನದಂಡ, ಅಳೆಯಲು ಉಚಿತ ಸಾಧನಗಳಿವೆ. ಮದುವೆ ಮಂಟಪದ ಸೈಟಿನಲ್ಲಿ ಕೆನೆ ಬಣ್ಣದ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುತ್ತೀರಲ್ಲ, ಅದು ಮಂದ ದೃಷ್ಟಿಯವರಿಗೆ ಕಾಣುವುದಿಲ್ಲ. ಸೈಟ್ ಮುಗಿಸಿದ ಮೇಲೆ ಮೌಸನ್ನು ಪಕ್ಕಕ್ಕೆ ಇಡಿ. ಬರೀ ಟ್ಯಾಬ್ ಮತ್ತು ಎಂಟರ್ ಒತ್ತುತ್ತಾ ಒಂದು ಸಾಮಾನು ಕೊಂಡು ಹಣ ಕಟ್ಟುವವರೆಗೂ ಹೋಗಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ನಾವೂ ಅಲ್ಲೇ ಸಿಕ್ಕಿಕೊಂಡಿದ್ದೇವೆ.

"ಒಂದು ಸಾಲು ಕೋಡ್ ಹಾಕಿದರೆ ನಿಮ್ಮ ಸೈಟ್ ತಾನೇ ಸರಿಹೋಗುತ್ತದೆ" ಅಂತ ಕೆಲವರು ವಿಜೆಟ್ ಮಾರುತ್ತಾರೆ. ನಂಬಬೇಡಿ. ಹಾಗೆ ಮಾರುತ್ತಿದ್ದ ಆಕ್ಸೆಸಿಬಿ ಅನ್ನುವ ಕಂಪನಿ ಸುಳ್ಳು ಭರವಸೆ ಕೊಟ್ಟಿತು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಎಷ್ಟೋ ಸಲ ಆ ವಿಜೆಟ್ ನಮ್ಮ ಸ್ಕ್ರೀನ್ ರೀಡರಿಗೇ ಅಡ್ಡ ಬರುತ್ತದೆ.

ಈ ಕೆಲಸ ಗೊತ್ತಿರುವವರು ಇದೇ ಊರಿನಲ್ಲಿದ್ದಾರೆ ಅನ್ನುವುದು ನನ್ನನ್ನು ತುಂಬ ಕಾಡುವ ವಿಷಯ. ಹೆಬ್ಬಾಳದ ಕಡೆ ಐಟಿ ಕೆಲಸಕ್ಕೆ ಹೋಗುವ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ, ಹೊರದೇಶದ ಗಿರಾಕಿಗೆ ಸೈಟ್ ಮಾಡುವಾಗ ಇದನ್ನೆಲ್ಲ ಪರೀಕ್ಷೆ ಮಾಡದೆ ಕೊಡುವಂತೆಯೇ ಇಲ್ಲ ಅಂತ. ಅಮೆರಿಕದಲ್ಲಿ ಕಣ್ಣು ಕಾಣದ ಒಬ್ಬರು ಡಾಮಿನೋಸ್ ಸೈಟಿನಲ್ಲಿ ಪಿಜ್ಜಾ ಆರ್ಡರ್ ಮಾಡಲಾಗದೆ ಕೋರ್ಟಿಗೆ ಹೋದರು. ಅಲ್ಲಿನ 1990ರ ಕಾಯ್ದೆಯಲ್ಲಿ ವೆಬ್‌ಸೈಟ್ ಅನ್ನುವ ಮಾತೇ ಇರಲಿಲ್ಲ. ಆದರೂ ಅದು ವೆಬ್‌ಸೈಟಿಗೂ ಸೇರುತ್ತದೆ ಅಂತ ಮೇಲ್ಮನವಿ ಕೋರ್ಟು 2019ರಲ್ಲಿ ಹೇಳಿತು, ಕಂಪನಿಯ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳಲಿಲ್ಲ. ಯೂರೋಪಿನಲ್ಲಿ 2025ರ ಜೂನ್ 28ರಿಂದ ಆನ್‌ಲೈನ್ ವ್ಯಾಪಾರಕ್ಕೆ ಇದು ಕಡ್ಡಾಯ. ಮೈಸೂರಿನ ಹುಡುಗರು ಜರ್ಮನಿಯ ಅಂಧರಿಗೆ ಸೈಟ್ ಸರಿ ಮಾಡಿಕೊಡುತ್ತಾರೆ, ಮೈಸೂರಿನ ಅಂಧರು ಮೈಸೂರಿನ ಸೈಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಖರ್ಚಿನ ಮಾತು. ಇರುವ ಸೈಟನ್ನು ಆಮೇಲೆ ಸರಿಪಡಿಸುವುದು ಮನೆ ಕಟ್ಟಿ ಮುಗಿದ ಮೇಲೆ ಪೈಪ್ ಎಳೆಯಲು ಗೋಡೆ ಒಡೆದ ಹಾಗೆ. ಮೊದಲೇ ಹೇಳಿ ಮಾಡಿಸಿದರೆ ಹೆಚ್ಚಿನ ಖರ್ಚು ಕಡಿಮೆ. ಆದ್ದರಿಂದ ಮಾಲೀಕರೇ, ನಾನು ನಿಮ್ಮನ್ನು ಕೇಳುವುದು ಒಂದೇ. ಹೊಸ ಸೈಟ್ ಮಾಡಿಸುವಾಗ, ಹಳೆಯದನ್ನು ಬದಲಾಯಿಸುವಾಗ, ಕೊಟೇಶನ್ ತರಿಸುವ ಕಾಗದದಲ್ಲೇ ಹೀಗೆ ಬರೆಯಿರಿ: "ಐಎಸ್ 17802 ಮತ್ತು ಡಬ್ಲ್ಯೂಸಿಎಜಿ 2.1ರ ಎಎ ಮಟ್ಟಕ್ಕೆ ಸರಿಯಾಗಿ ಮಾಡಿಕೊಡಬೇಕು. ಕನ್ನಡವೆಲ್ಲ ಯೂನಿಕೋಡಿನಲ್ಲಿ ಇರಬೇಕು. ಸ್ಕ್ರೀನ್ ರೀಡರ್ ಬಳಸುವವರು ಪರೀಕ್ಷಿಸಿ ಸರಿ ಇದೆ ಅಂದ ಮೇಲೆ ಕೊನೆಯ ಕಂತಿನ ಹಣ." ಇಷ್ಟು ಬರೆದರೆ ಸೈಟ್ ಮಾಡುವವರೂ ಕಲಿಯುತ್ತಾರೆ, ಏಕೆಂದರೆ ಅವರ ಕೊನೆಯ ಕಂತು ಅದರಲ್ಲಿದೆ. ಹಳೆಯ ಸೈಟ್ ಈಗಲೇ ಪೂರ್ತಿ ಬದಲಾಯಿಸಲು ಆಗದಿದ್ದರೆ ಹಣ ಕಟ್ಟುವ ಪುಟ, ಬುಕಿಂಗ್ ಪುಟ ಎರಡನ್ನು ಮೊದಲು ಸರಿ ಮಾಡಿಸಿ. ಏನಾದರೂ ತೊಂದರೆ ಇದ್ದರೆ ಯಾರಿಗೆ ಹೇಳಬೇಕು ಅಂತ ಒಂದು ಇಮೇಲ್, ಒಂದು ನಂಬರ್ ಹಾಕಿ, ಅದಕ್ಕೆ ಉತ್ತರ ಕೊಡಿ.

ಜನರನ್ನು ಕೆಲಸಕ್ಕೆ ಇಟ್ಟುಕೊಂಡಿರುವವರಿಗೆ ಇನ್ನೊಂದು. ಅಂಗವಿಕಲರಿಗೆ ಕೆಲಸದಲ್ಲಿ ಸಮಾನ ಅವಕಾಶದ ನೀತಿ ಬರೆದು ಆದಷ್ಟೂ ವೆಬ್‌ಸೈಟಿನಲ್ಲೇ ಹಾಕಬೇಕು ಅಂತ ನಿಯಮ ಇದೆ. ಹಾಕಿದವರು ದಯವಿಟ್ಟು ಅದನ್ನು ಸ್ಕ್ಯಾನ್ ಮಾಡಿದ ಚಿತ್ರವಾಗಿ ಹಾಕಬೇಡಿ. ಅದು ಯಾರಿಗಾಗಿ ಇದೆಯೋ ಅವರು ಓದಲು ಆಗಬೇಕು.

ಮಾನ್ಯ ಜಿಲ್ಲಾಧಿಕಾರಿಗಳೇ, ಕಾಯ್ದೆಯ ಸೆಕ್ಷನ್ 72ರಂತೆ ಜಿಲ್ಲೆಗೊಂದು ಸಮಿತಿ ಇರಬೇಕು. ಅದರ ಮುಂದಿನ ಸಭೆಯಲ್ಲಿ ರ‍್ಯಾಂಪು, ಗಾಲಿಕುರ್ಚಿಯ ಜೊತೆಗೆ ವೆಬ್‌ಸೈಟಿನ ವಿಷಯವನ್ನೂ ಇಡಿ. ವ್ಯಾಪಾರಿಗಳ ಸಂಘ, ಹೋಟೆಲ್ ಮಾಲೀಕರ ಸಂಘ, ಖಾಸಗಿ ಆಸ್ಪತ್ರೆಗಳವರನ್ನು ಒಂದು ದಿನ ಕರೆಸಿ. ಕಣ್ಣು ಕಾಣದವರು ಒಬ್ಬರು ಅವರ ಎದುರಿಗೇ ಅವರವರ ಸೈಟ್ ತೆರೆದು ಬಳಸಿ ತೋರಿಸಲಿ. ಎಲ್ಲರೂ ಕೇಳಿಸಿಕೊಳ್ಳಲಿ, ಭಾಷಣ ಬೇಡ. ದಸರಾ ಟಿಕೆಟ್ಟು, ಸಭಾಂಗಣದ ಬುಕಿಂಗು, ತೆರಿಗೆ ಕಟ್ಟುವುದು, ಹೀಗೆ ಆಡಳಿತವೇ ಹೊರಗಿನವರಿಂದ ಮಾಡಿಸುವ ಪ್ರತಿ ಸೈಟಿನ ಟೆಂಡರಿನಲ್ಲೂ ಮೇಲಿನ ಷರತ್ತು ಬರಲಿ. ಆಡಳಿತದ ಕಾಗದದಲ್ಲಿ ಬಂದರೆ ಊರಿನ ವ್ಯಾಪಾರಿಗಳೂ ತಮ್ಮ ಕಾಗದದಲ್ಲಿ ಹಾಕುತ್ತಾರೆ.

ಪರೀಕ್ಷೆ ಮಾಡುವವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದಿರಾ? ವಿಶೇಷಚೇತನರಿಗೆಂದೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೇ ಊರಿನಲ್ಲಿದೆ. ವಿಶ್ವವಿದ್ಯಾಲಯದಲ್ಲಿ, ಕಾಲೇಜುಗಳಲ್ಲಿ ಸ್ಕ್ರೀನ್ ರೀಡರ್ ಬಳಸಿ ಓದುವ ಮಕ್ಕಳಿದ್ದಾರೆ. ಅವರನ್ನು ಕರೆಸಿ, ಸುಮ್ನೆ ಸಹಾಯ ಮಾಡಿ ಅಂತ ಅಲ್ಲ. ಸೈಟ್ ಮಾಡಿದವರಿಗೆ ದುಡ್ಡು ಕೊಡುವ ಹಾಗೆ ಪರೀಕ್ಷೆ ಮಾಡಿದ ಮಕ್ಕಳಿಗೂ ಗಂಟೆಯ ಲೆಕ್ಕದಲ್ಲಿ ಕೊಡಿ, ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಇರಲಿ.

ಇಂತಿ,
ಸರಸ್ವತಿಪುರಂನ ಒಬ್ಬ ಗ್ರಾಹಕಿ